ಎಪ್ಪತ್ತು ಗಂಟೆಯ ಮಾತ್ರೆ

ಮಾರ್ಚ್ ೧೨, ಬುಧವಾರ
ಬೆಳಿಗ್ಗೆ

ಪ್ರೀತಿಯ ಚೂಟಿ,

ನಿನಗೂ ಅಳಿಯಂದಿರಿಗೂ ಮೊಮ್ಮಗಳಿಗೂ ಅಪ್ಪನ ಆಶೀರ್ವಾದಗಳು. ಮೊಮ್ಮಗಳ ಕೆಮ್ಮು ವಾಸಿಯಾಯಿತೆಂದು ಅಳಿಯಂದಿರು ಫೋನಿನಲ್ಲಿ ಹೇಳಿದರು, ಸಮಾಧಾನವಾಯಿತು. ಇಲ್ಲಿ ನಾವು ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವೇ. ಆದರೆ ಯಾವ ದಾರಿಯಿಂದ ಇಲ್ಲಿಗೆ ಬಂದು ಮುಟ್ಟಿದೆವು ಎನ್ನುವುದನ್ನು ಹೇಳದೆ ಆ ಪದ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ನಿನ್ನ ಕಾಗದ ಬಂದು ನಲವತ್ತು ದಿನವಾಯಿತು. ತಡವಾದದ್ದಕ್ಕೆ ಬೇಸರಿಸಬೇಡ. ಮೂರು ಸಲ ಬರೆದು ಹರಿದೆ. ಒಂದು ಬರೀ ಬೈಗುಳವಾಯಿತು, ಇನ್ನೊಂದು ಗೋಗರೆದಂತಾಯಿತು, ಮತ್ತೊಂದು ಔಷಧಿಯ ಡಬ್ಬದೊಳಗೆ ಮಡಿಚಿಟ್ಟಿರುವ ಚೀಟಿಯಂತಾಯಿತು. ನಮ್ಮ ಮನೆಯಲ್ಲಿ ಸಿಟ್ಟು ಬಂದರೆ ಕೂಗಾಡಬಾರದು, ಕಾಗದ ಬರೆಯಬೇಕು ಎನ್ನುವುದು ನಿನ್ನ ಅಮ್ಮ ಮಾಡಿದ ಕಾನೂನು. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ 'ನಾನು ಈ ಮನೆಯಲ್ಲಿ ಇರುವುದಿಲ್ಲ' ಎಂದು ಬರೆದಿಟ್ಟ ಕಾಗದವನ್ನು ಅವಳು ತಿದ್ದಿ, ಹತ್ತಕ್ಕೆ ಆರು ಅಂಕ ಕೊಟ್ಟು, ನಿನ್ನ ತಟ್ಟೆಯ ಪಕ್ಕದಲ್ಲಿಟ್ಟಿದ್ದಳು. ಆಸ್ಪತ್ರೆಯ ವಾರ್ಡಿನಲ್ಲಿ ನಾನು ಆ ಕಾನೂನು ಮುರಿದೆ. ಅದು ಸರಿಯೋ ತಪ್ಪೋ ಆಮೇಲೆ ನೋಡೋಣ.

ನೀನು ಬರೆದದ್ದು ನಾಲ್ಕೇ ಸಾಲು. "ನಾನು ಡಾಕ್ಟರಾಗಿ ಅಲ್ಲ, ಮಗಳಾಗಿ ಮಾಡಿದೆ. ನೀವು ನನ್ನನ್ನು ಆರು ಜನರ ಎದುರು ಕಳ್ಳಿಯ ಹಾಗೆ ನಿಲ್ಲಿಸಿದಿರಿ. ಅದರಲ್ಲಿ ಇಬ್ಬರು ನನಗಿಂತ ಕಿರಿಯ ಡಾಕ್ಟರುಗಳು. ಅದಕ್ಕೆ ನೀವು ಒಂದು ಮಾತು ಹೇಳುವವರೆಗೂ ನಾನು ಆ ಮನೆಗೆ ಬರುವುದಿಲ್ಲ." ಇಡೀ ಕಾಗದದಲ್ಲಿ ಅಮ್ಮ ಹೇಗಿದ್ದಾಳೆ ಎಂಬ ಒಂದು ಪ್ರಶ್ನೆ ಇಲ್ಲ. ಅಳಿಯಂದಿರ ಮೂಲಕ ಕೇಳಿಸುತ್ತಿದ್ದೀಯ ಎಂದು ಗೊತ್ತು. ಆದರೂ ನನಗೆ ಮೈಯೆಲ್ಲ ಉರಿಯಿತು. ಆ ವಾರ್ಡಿನ ದಿನ ಕಳೆದು ಐದು ತಿಂಗಳಾಯಿತು ಚೂಟಿ, ಇನ್ನೂ ಉರಿಯುತ್ತಿದೆ.

ನೀನು ಅರಿವಳಿಕೆಯ ಡಾಕ್ಟರು. ಜನರನ್ನು ಎರಡು ಗಂಟೆ ಮಲಗಿಸಿ, ಹೆಸರು ಹಿಡಿದು ಕರೆದು ಎಬ್ಬಿಸುವುದು ನಿನ್ನ ಕೆಲಸ. ನಿನ್ನ ಕೈಯಲ್ಲಿ ದಿನಾ ಓಡಾಡುವುದು ನಿದ್ದೆ ತರಿಸುವ ಜಾತಿಯ ಔಷಧಗಳಲ್ಲಿ ಕಿರಿಯ ತಂಗಿ, ಬೇಗ ಬಂದು ಬೇಗ ಹೋಗುವಂಥದು. ನೀನು ಅಮ್ಮನಿಗೆ ಬರೆದದ್ದು ಹಿರಿಯಕ್ಕನನ್ನು. ಡಯಾಜೆಪಾಮ್. ಅವಳು ಬಂದರೆ ಹೊರಡುವವಳಲ್ಲ, ಟ್ರಂಕು ಪೆಟ್ಟಿಗೆ ಸಮೇತ ಬರುವವಳು. ಮೂವತ್ತಾರು ವರ್ಷ ದೊಡ್ಡಾಸ್ಪತ್ರೆಯ ಔಷಧಿ ವಿಭಾಗದ ಕಿಟಕಿಯ ಹಿಂದೆ ನಿಂತವನು ನಾನು. ಹೊಸದಾಗಿ ಸೇರಿದವರಿಗೆಲ್ಲ ನಮ್ಮ ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಇದು: "ಈ ಮಾತ್ರೆ ಮೈಯಲ್ಲಿ ಅರ್ಧ ಕರಗೋಕೆ ಎಷ್ಟು ಹೊತ್ತು ಬೇಕು?" ಯಾರಾದರೂ ಪುಸ್ತಕದ ಅಂಕಿ ಹೇಳಿದರೆ ಅವರು ತಲೆ ಅಲ್ಲಾಡಿಸುತ್ತಿದ್ದರು. "ಮೊದಲು ವಯಸ್ಸೆಷ್ಟು ಅಂತ ಕೇಳು. ಎಷ್ಟು ವಯಸ್ಸೋ ಹೆಚ್ಚುಕಮ್ಮಿ ಅಷ್ಟು ಗಂಟೆ."

ನಿನ್ನ ಅಮ್ಮನಿಗೆ ಎಪ್ಪತ್ತು. ಅಂದರೆ ಇವತ್ತು ನುಂಗಿದ್ದರಲ್ಲಿ ಅರ್ಧ ಮೂರು ದಿನದ ಮೇಲೂ ಒಳಗೇ ಇರುತ್ತದೆ. ಅಷ್ಟರಲ್ಲಿ ಇನ್ನೂ ಮೂರು ನುಂಗಿ ಆಗಿರುತ್ತದೆ. ತಳದಲ್ಲಿ ಸೂಜಿಯಷ್ಟು ತೂತಿರುವ ಬಕೆಟ್ಟಿಗೆ ದಿನಕ್ಕೊಂದು ಚೊಂಬು ನೀರು ಹಾಕುತ್ತ ಹೋದಂತೆ. ಯಕೃತ್ತು ಕಷ್ಟಪಟ್ಟು ಅದನ್ನು ಒಡೆದರೂ, ಅದರಿಂದ ಹುಟ್ಟುವ ಮರಿಯೂ ತಾಯಿಯ ಬುದ್ಧಿಯದ್ದೇ, ಅದೂ ಮಂಪರು ತರಿಸುತ್ತದೆ, ತಾಯಿಗಿಂತ ಹೆಚ್ಚು ದಿನ ಕೂತಿರುತ್ತದೆ. ವಯಸ್ಸಾದ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಈ ಔಷಧಕ್ಕೆ ಕೊಬ್ಬು ಎಂದರೆ ತವರುಮನೆ. ನಿನಗೆ ಪಾಠ ಹೇಳುತ್ತಿದ್ದೇನೆ ಎಂದು ಮೂಗು ಮುರಿಯಬೇಡ. ಇದೆಲ್ಲ ನಿನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೀಯ. ನನ್ನ ಸಿಟ್ಟು ಅದಕ್ಕೇ.

ಮೊದಲಿನಿಂದ ಹೇಳುತ್ತೇನೆ, ಇಬ್ಬರಿಗೂ ನೆನಪಿರಲಿ.

ಹೋದ ವರ್ಷದ ಹಿಂದಿನ ವರ್ಷ ನವೆಂಬರಿನಲ್ಲಿ ನಿನ್ನ ಚಿಕ್ಕಮ್ಮ ತೀರಿಕೊಂಡ ಮೇಲೆ ಅಮ್ಮ ನಿದ್ದೆ ಬಿಟ್ಟಳು. ಎದ್ದು ಕೂರುವಳು, ಮನೆ ತುಂಬ ಓಡಾಡುವಳು, ಹಗಲು ತೂಕಡಿಸುವಳು. ನಾನು ನಿನಗೆ ಫೋನು ಮಾಡಿದೆ. ನೀನು ಆಪರೇಷನ್ ಥಿಯೇಟರಿನ ಹೊರಗೆ ನಿಂತಿದ್ದೆ, ಹಿಂದೆ ಯಾರೋ ಕರೆಯುತ್ತಿದ್ದರು.

"ಐದು ಮಿಲಿಗ್ರಾಂ ಮಲಗೋ ಮುಂಚೆ ಒಂದು ಕೊಡಿ ಅಪ್ಪಾ. ಚೀಟಿ ಫೋನಿಗೆ ಕಳಿಸ್ತೀನಿ. ಹದಿನೈದು ದಿನ ಕೊಡಿ, ಆಮೇಲೆ ನೋಡೋಣ."

ಅಷ್ಟೇ. ಆ 'ಆಮೇಲೆ' ಬರಲೇ ಇಲ್ಲ. ಹದಿನೈದು ದಿನ ಹನ್ನೊಂದು ತಿಂಗಳಾಗಿ ಬೆಳೆಯಿತು. ನಾಲ್ಕನೇ ತಿಂಗಳಿಗೆ ಮೈ ಆ ಮಾತ್ರೆಗೆ ಒಗ್ಗಿಹೋಗಿ ಮತ್ತೆ ನಿದ್ದೆ ಕೆಟ್ಟಿತು. "ಹತ್ತು ಮಾಡಿ," ಅಂದೆ ನೀನು. ಆಗಲೇ ಎದೆಯುರಿ ಅಂತ ಬೀದಿ ಮೂಲೆಯ ಡಾಕ್ಟರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಮಾತ್ರೆ ಬರೆದರು, ಒಮೆಪ್ರಜೋಲ್. ನಿನ್ನನ್ನು ಕೇಳಿದೆ. "ಅದೇನು ಮಾಡತ್ತೆ, ಕೊಡಿ," ಅಂದೆ. ಅದು ಏನು ಮಾಡುತ್ತದೆ ಎಂದರೆ, ಡಯಾಜೆಪಾಮನ್ನು ಒಡೆಯಲು ಯಕೃತ್ತಿನಲ್ಲಿರುವ ಕೆಲಸಗಾರರನ್ನು ಅರ್ಧ ದಿನ ರಜೆ ಮೇಲೆ ಕಳಿಸುತ್ತದೆ. ಮೊದಲೇ ಸಣ್ಣದಾಗಿದ್ದ ತೂತಿಗೆ ಬಟ್ಟೆ ತುರುಕಿದಂತಾಯಿತು.

ನಿನ್ನ ಅಮ್ಮ ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು. ನಿವೃತ್ತಿಯಾದ ಮೇಲೂ ಬೆಳಗಿನ ಪೇಪರಿನಲ್ಲಿ ತಪ್ಪು ಹುಡುಕದೆ ಚಹಾ ಕುಡಿಯುತ್ತಿರಲಿಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಫಲಕ, ಮದುವೆಯ ಕರೆಯೋಲೆ, ಯಾವುದನ್ನೂ ಬಿಟ್ಟವಳಲ್ಲ. ಏಪ್ರಿಲ್ ಹೊತ್ತಿಗೆ ಪೇಪರು ಮಡಿಕೆ ಬಿಚ್ಚದೆ ಕುರ್ಚಿಯ ಮೇಲೆ ಬಿದ್ದಿರತೊಡಗಿತು. ಜೂನಿನಲ್ಲಿ ಅವಳು ಪದಗಳನ್ನು ಹುಡುಕಲು ಶುರು ಮಾಡಿದಳು. ಬಾಚಣಿಗೆಗೆ "ಅದು, ತಲೆದು" ಅನ್ನುವಳು. ಸಂಬಂಧವಿಲ್ಲದ ಕಡೆ ನಗುವಳು. ಸ್ನಾನಕ್ಕೆ ಹೋಗಿ ಬಟ್ಟೆ ಹಾಕಿಕೊಂಡೇ ನೀರು ಸುರಿದುಕೊಂಡು ಬಂದಳು. ಕಾಲು ಎತ್ತಿಡುವುದನ್ನು ಬಿಟ್ಟು ಎಳೆಯುತ್ತಿದ್ದಳು, ನೆಲಕ್ಕೆ ಚಪ್ಪಲಿ ಉಜ್ಜುವ ಸದ್ದು ಕೇಳಿದರೆ ಬರುತ್ತಿದ್ದಾಳೆ ಎಂದು ತಿಳಿಯುತ್ತಿತ್ತು.

ಜುಲೈನಲ್ಲಿ ನಾನು ಒಂದು ಸಲ ಬಾಯಿ ಬಿಟ್ಟೆ. "ಚೂಟಿ, ಇದು ಮಾತ್ರೆಯಿಂದ ಇರಬಹುದು. ಎಪ್ಪತ್ತರವರಿಗೆ ಹತ್ತು ಮಿಲಿಗ್ರಾಂ ಜಾಸ್ತಿ ಆಗಲ್ವಾ?" ಎಂದು ಕೇಳಿದೆ.

ನಿನ್ನ ಉತ್ತರ ನನಗೆ ಅಕ್ಷರ ಅಕ್ಷರವೂ ನೆನಪಿದೆ. "ಅಪ್ಪಾ, ನೀವು ಮಾತ್ರೆ ಕೊಡೋರು, ಬರೆಯೋರಲ್ಲ. ಇದು ವಯಸ್ಸಿನ ಮರೆವು. ನಾನು ದಿನಾ ನೋಡ್ತೀನಿ. ಸುಮ್ನೆ ಗಾಬರಿ ಆಗ್ಬೇಡಿ."

ಮಾತ್ರೆ ಕೊಡುವವನು ಸುಮ್ಮನಾದೆ. ಆ ಕಿಟಕಿಯ ಹಿಂದೆ ನಿಂತಾಗ ಎಷ್ಟೋ ದೊಡ್ಡ ದೊಡ್ಡ ಡಾಕ್ಟರ ಚೀಟಿಯನ್ನು ವಾಪಸು ಕಳಿಸಿದವನು ನಾನು. "ಈ ಎರಡು ಔಷಧ ಒಟ್ಟಿಗೆ ಆಗಲ್ಲ ಸಾರ್, ಇನ್ನೊಂದು ಸಲ ನೋಡಿ" ಎಂದು ಹೇಳಿ ಬೈಸಿಕೊಂಡಿದ್ದೇನೆ, ಒಂದು ಸಲ ವರ್ಗವೂ ಆಗಿದೆ. ನಾನೇ ಓದಿಸಿದ ಮಗಳ ಎದುರು ಮಾತ್ರ ಬಾಯಿಗೆ ಬೀಗ ಬಿತ್ತು.

ಅಮ್ಮ ಎದ್ದಳು, ಕರೆಯುತ್ತಿದ್ದಾಳೆ. ಮಿಕ್ಕದ್ದು ಆಮೇಲೆ.


ಮಾರ್ಚ್ ೧೩, ಗುರುವಾರ
ಮಧ್ಯಾಹ್ನ

ಅವಳು ಬಿದ್ದದ್ದು ಅಕ್ಟೋಬರಿನ ಮೊದಲ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ. ಬಾಗಿಲ ಮುಂದಿನ ಒಂದೇ ಒಂದು ಮೆಟ್ಟಿಲು. ನಲವತ್ತು ವರ್ಷದಿಂದ ಇಳಿಯುತ್ತಿರುವ ಮೆಟ್ಟಿಲು. ಅದರ ಮೇಲೆ ನಿಂತು, ಮುಂದೇನು ಮಾಡಬೇಕು ಎಂದು ಮರೆತವಳಂತೆ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಎಡಕ್ಕೆ ವಾಲಿ ಬಿದ್ದಳು. ಕೈ ಊರಲೂ ಇಲ್ಲ. ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿ ಬಂದ. ಇಬ್ಬರೂ ಸೇರಿ ಎತ್ತಲು ಹೋದಾಗ ಅವಳ ಕಾಲು ಹೊರಕ್ಕೆ ತಿರುಗಿಕೊಂಡಿರುವುದು ಕಂಡಿತು. ತೊಡೆಯ ಮೂಳೆ, ಸೊಂಟದ ಹತ್ತಿರ.

ಆಸ್ಪತ್ರೆಯ ದಾಖಲಾತಿಯ ಹಾಳೆಯನ್ನು ನಾನೇ ತುಂಬುತ್ತಿದ್ದೆ. 'ಈಗ ತೆಗೆದುಕೊಳ್ಳುತ್ತಿರುವ ಔಷಧಗಳು' ಎಂಬ ಕಡೆ ರಕ್ತದೊತ್ತಡದ್ದು ಬರೆದೆ, ಎದೆಯುರಿಯದ್ದು ಬರೆದೆ. ಅಷ್ಟರಲ್ಲಿ ನಿನ್ನ ಫೋನು.

"ನಿದ್ದೆ ಮಾತ್ರೆ ಬರೀಬೇಡಿ ಅಪ್ಪಾ. ಅದಕ್ಕೆ ಸರಿಯಾದ ಚೀಟಿ ಇಲ್ಲ. ಸುಮ್ನೆ ನೂರು ಪ್ರಶ್ನೆ ಕೇಳ್ತಾರೆ. ಅಲ್ಲಿಯ ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ."

ನಾನು ಬರೆಯಲಿಲ್ಲ. ನೀನು ಮಾತಾಡಲಿಲ್ಲ.

ಚೂಟಿ, ಈ ಒಂದು ಸಾಲನ್ನು ನಾನು ಐದು ತಿಂಗಳಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಹನ್ನೊಂದು ತಿಂಗಳು ದಿನಾ ಕೊಟ್ಟ ಔಷಧ ಅವತ್ತಿನಿಂದ ಏಕಾಏಕಿ ನಿಂತಿತು. ಬೇಗ ಹೋಗುವ ಔಷಧವಾಗಿದ್ದರೆ ಎರಡನೇ ದಿನಕ್ಕೇ ಮೈ ಗಲಾಟೆ ಎಬ್ಬಿಸುತ್ತಿತ್ತು, ಯಾರಾದರೂ ಕಾರಣ ಕೇಳುತ್ತಿದ್ದರು. ಇದು ನಿಧಾನಕ್ಕೆ ಇಳಿಯುವಂಥದು. ಶಸ್ತ್ರಚಿಕಿತ್ಸೆ ಆಯಿತು, ಮೂಳೆಗೆ ರಾಡು ಕೂತಿತು, ಅವಳು ಮೂರು ದಿನ, ನಾಲ್ಕು ದಿನ ತಣ್ಣಗೇ ಇದ್ದಳು. ಎಲ್ಲರೂ ನೆಮ್ಮದಿಯಾಗಿದ್ದೆವು. ಒಳಗೆ ಬಕೆಟ್ಟು ಖಾಲಿಯಾಗುತ್ತಿತ್ತು.

ಐದನೇ ದಿನ ನರರೋಗದ ಡಾಕ್ಟರು ಬಂದು ನೆನಪಿನ ಪರೀಕ್ಷೆ ಮಾಡಿದರು. ನೀನೂ ಬಂದಿದ್ದೆ. ಇವತ್ತು ಯಾವ ವಾರ ಅಂದರು, ಅವಳು ನನ್ನ ಕಡೆ ನೋಡಿದಳು. ನೂರರಿಂದ ಏಳೇಳು ಕಳೀರಿ ಅಂದರು, "ಯಾಕೆ?" ಅಂದಳು. ಗಡಿಯಾರ ಬರೆಯಿರಿ ಅಂದರೆ ವೃತ್ತ ಬರೆದು, ಹನ್ನೆರಡೂ ಅಂಕಿಗಳನ್ನು ಒಂದೇ ಮೂಲೆಗೆ ತುರುಕಿದಳು. ಡಾಕ್ಟರು ನಿನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನೀನು, "ಹೌದು ಸರ್, ಆರು ತಿಂಗಳಿಂದ ನಾನೂ ಗಮನಿಸ್ತಿದ್ದೀನಿ," ಅಂದೆ. ಆಗಲಾದರೂ ಹೇಳಬಹುದಿತ್ತು. ಆ ಕೋಣೆಯಲ್ಲಿ ಆ ಮಾತ್ರೆಯ ವಿಷಯ ಗೊತ್ತಿದ್ದವರು ಇಬ್ಬರು. ಒಬ್ಬಳು ಬಿಳಿ ಕೋಟು ಹಾಕಿಕೊಂಡಿದ್ದಳು.

ಎಂಟನೇ ದಿನ ಮಧ್ಯಾಹ್ನ ನೀನು ಮರೆವಿನವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆ ಮನೆಯ ಅರ್ಜಿಯನ್ನು ತುಂಬಿಕೊಂಡೇ ಬಂದೆ. "ಬರೀ ಸೈನ್ ಹಾಕಿ ಅಪ್ಪಾ. ನಿಮ್ಮ ಕೈಯಲ್ಲಿ ಆಗಲ್ಲ. ಅಲ್ಲಿ ತೋಟ ಇದೆ, ನರ್ಸ್ ಇರ್ತಾರೆ, ಅಮ್ಮಂಗೆ ಯಾವ ಮನೆ ಅಂತ ಗೊತ್ತೂ ಆಗಲ್ಲ," ಅಂದೆ. ಗೊತ್ತೂ ಆಗುವುದಿಲ್ಲ ಎಂಬುದು ನಿನಗೆ ಸಮಾಧಾನದ ಮಾತಾಗಿತ್ತು.

ಹಿಂದಿನ ದಿನದಿಂದಲೇ ಅವಳ ಕೈ ನಡುಗುತ್ತಿತ್ತು. ಹಾಸಿಗೆ ಬೆವರಿನಿಂದ ಒದ್ದೆಯಾಗುತ್ತಿತ್ತು. "ರೀ, ಗೋಡೆ ಮೇಲೆ ಅಕ್ಷರ ಹರಿದಾಡ್ತಾ ಇವೆ, ಸಾಲು ತಪ್ತಾ ಇವೆ, ಹಿಡೀರಿ," ಎಂದು ನನ್ನ ತೋಳು ಹಿಡಿದು ಎಳೆಯುತ್ತಿದ್ದಳು. ಸಿಸ್ಟರು ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. ನೀನು ಅರ್ಜಿ ನನ್ನ ಮುಂದೆ ಹಿಡಿದು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗಲೇ ಅವಳ ಕಣ್ಣು ಮೇಲಕ್ಕೆ ಹೋದವು, ಹಲ್ಲು ಕಚ್ಚಿಕೊಂಡವು, ಮೈ ಹಲಗೆಯಂತೆ ಸೆಟೆದು ಆಮೇಲೆ ಒದ್ದಾಡತೊಡಗಿತು. ಮೂರ್ಛೆ. ರಾಡು ಹಾಕಿದ ಆ ಕಾಲೂ ಒದ್ದಾಡುತ್ತಿತ್ತು. ಆಯಾ, ಸಿಸ್ಟರು, ಇಬ್ಬರು ಎಳೆ ಡಾಕ್ಟರುಗಳು, ನರರೋಗದ ಡಾಕ್ಟರು, ವಾರ್ಡಿನ ದೊಡ್ಡ ಡಾಕ್ಟರು ಎಲ್ಲ ಓಡಿ ಬಂದರು. ದೊಡ್ಡ ಡಾಕ್ಟರು ಅವಳ ಕಣ್ಣರೆಪ್ಪೆ ಎತ್ತಿ ನೋಡುತ್ತ ಕೇಳಿದರು:

"ಇವರು ಕುಡೀತಿದ್ರಾ? ಏನಾದರೂ ದಿನಾ ತಗೊಂಡು ಈಗ ನಿಲ್ಲಿಸಿದ್ದಾರಾ?"

ನಾನು ನಿನ್ನ ಮುಖ ನೋಡಿದೆ. ನಿನಗೆ ತಿಳಿದುಹೋಗಿತ್ತು. ನಿನ್ನ ಮುಖದ ರಕ್ತ ಇಳಿದುಹೋಗಿತ್ತು. ನೀನು ನೆಲ ನೋಡಿದೆ. ನಾನು ಹತ್ತು ಎಣಿಸುವಷ್ಟು ಹೊತ್ತು ಕಾದೆ ಚೂಟಿ, ನೀನೇ ಹೇಳಲಿ ಎಂದು. ಅಮ್ಮ ಒದ್ದಾಡುತ್ತಲೇ ಇದ್ದಳು.

ಆಗ ನಾನು ಕೂಗಿದೆ. ಏನು ಕೂಗಿದೆ ಎನ್ನುವುದು ನಿನಗೆ ನೆನಪಿದೆ, ನನಗೂ ನೆನಪಿದೆ. "ಇವಳು ಕುಡಿಯಲ್ಲ ಡಾಕ್ಟರೇ. ಇವಳಿಗೆ ಹನ್ನೊಂದು ತಿಂಗಳು ಡಯಾಜೆಪಾಮ್ ಕೊಟ್ಟಿದೀವಿ. ಕೊನೆ ಏಳು ತಿಂಗಳು ಹತ್ತು ಮಿಲಿಗ್ರಾಂ. ಜೊತೆಗೆ ಒಮೆಪ್ರಜೋಲ್. ಒಂದು ವಾರದ ಹಿಂದೆ ಪೂರ್ತಿ ನಿಲ್ತು. ಬರೆದವಳು ಇಲ್ಲೇ ಪೆನ್ನು ಹಿಡಕೊಂಡು ನಿಂತಿದಾಳೆ, ನನ್ನ ಮಗಳು. ಹಾಳೆಯಲ್ಲಿ ಬರೀಬೇಡಿ ಅಂದವಳೂ ಇವಳೇ."

ದೊಡ್ಡ ಡಾಕ್ಟರು ನಿನ್ನ ಕಡೆ ಒಂದು ಸಲ ನೋಡಿದರು. ಸಿಸ್ಟರಿಗೆ ಚುಚ್ಚುಮದ್ದಿನ ಹೆಸರು ಹೇಳಿದರು. ಅದೇ ಜಾತಿಯದ್ದು, ಅದೇ ಮನೆತನದ್ದು. ಎರಡು ನಿಮಿಷಕ್ಕೆ ಅಮ್ಮನ ಮೈ ಸಡಿಲವಾಯಿತು. ನೀನು ಅರ್ಜಿಯನ್ನು ಮಂಚದ ಮೇಲೆಯೇ ಬಿಟ್ಟು ಹೊರಟುಹೋದೆ.

ನಾನು ಆ ಕೂಗಿಗೆ ಕ್ಷಮೆ ಕೇಳಬೇಕೆನ್ನುತ್ತೀಯ. ಕೇಳುವುದಿಲ್ಲ. ಮಾನ ಹೋಗುವುದು ನನಗೂ ಗೊತ್ತು, ಆದರೆ ನಿನ್ನ ಮಾನ ಉಳಿಸಲು ಇನ್ನೆಷ್ಟು ನಿಮಿಷ ಅವಳು ಒದ್ದಾಡಬೇಕಿತ್ತು ಎಂದು ನೀನೇ ಲೆಕ್ಕ ಹಾಕು. ನೀನು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಲಸದ ಆಯಾಸದಲ್ಲಿ, ಫೋನಿನಲ್ಲಿ, ಅರ್ಧ ನಿಮಿಷದಲ್ಲಿ, ಅಮ್ಮನ ತಲೆಯೊಳಗಿನ ಹನ್ನೊಂದು ತಿಂಗಳನ್ನು ತೀರ್ಮಾನ ಮಾಡಿದೆ. ರೋಗಿ ಬೇರೆಯವರಾಗಿದ್ದರೆ ಎರಡು ಸಲ ನೋಡುತ್ತಿದ್ದೆ. ಅಮ್ಮ ಎಂದು ಒಂದು ಸಲವೂ ನೋಡಲಿಲ್ಲ.

ಈಗ ಅವಳ ಸುದ್ದಿ. ನೀನು ಕೇಳದಿದ್ದರೂ ಬರೆಯುತ್ತೇನೆ.

ದೊಡ್ಡ ಡಾಕ್ಟರು ಎದೆಯುರಿಯ ಮಾತ್ರೆ ಬದಲಾಯಿಸಿದರು, ಡಯಾಜೆಪಾಮನ್ನು ಮತ್ತೆ ಶುರು ಮಾಡಿಸಿದರು. "ನಿಲ್ಲಿಸೋದು ನಿಮ್ಮ ಕೆಲಸ. ಎಷ್ಟು ನಿಧಾನ ಆದರೂ ಪರವಾಗಿಲ್ಲ, ಆತುರ ಮಾತ್ರ ಬೇಡ," ಎಂದು ನನಗೆ ಹೇಳಿದರು. ಹದಿನೈದು ದಿನಕ್ಕೆ ಒಂದು ಮಿಲಿಗ್ರಾಂ ಇಳಿಸುತ್ತ ಬಂದೆ. ಎರಡು ಮಿಲಿಗ್ರಾಂ ಮಾತ್ರೆಯನ್ನು ಬ್ಲೇಡಿನಿಂದ ನಡುವೆ ಸೀಳಿದರೆ ಒಂದು. ಕೊನೆಗೆ ಅದನ್ನೂ ಸೀಳಿದೆ. ಪ್ರತಿ ಸಲ ಇಳಿಸಿದ ವಾರ ನರಕ. ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅನ್ನುವಳು, ಬೆಳಕು ಚುಚ್ಚುತ್ತದೆ ಅನ್ನುವಳು, ನನ್ನ ಮೇಲೆ ಲೋಟ ಎಸೆದಳು. ಎಸೆದದ್ದು ನೋಡಿ ನನಗೆ ಖುಷಿಯಾಯಿತು, ಅಷ್ಟು ಕಸುವು ಬಂತಲ್ಲ ಎಂದು.

ಜನವರಿಯ ಒಂದು ದಿನ ಅವಳನ್ನು ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವಾಕರ್ ಹಿಡಿದು ವರಾಂಡದಲ್ಲಿ ನಡೆಯುತ್ತಿದ್ದವಳು ನಿಂತಳು. ಗೋಡೆಯ ಫಲಕದ ಮುಂದೆ ಬಹಳ ಹೊತ್ತು ನಿಂತಳು. ಮತ್ತೆ ಎಲ್ಲಿಗೋ ಹೋದಳು ಎಂದುಕೊಂಡೆ.

"'ಚಿಕಿಸ್ತೆ' ಅಂತ ಬರ್ದಿದಾರೆ," ಅಂದಳು. "ಮೂಳೆ ಜೋಡಿಸೋಕೆ ಬರತ್ತೆ ಇವರಿಗೆ, ಒತ್ತಕ್ಷರ ಜೋಡಿಸೋಕೆ ಬರಲ್ಲ. ಯಾರ್ರೀ ಇಲ್ಲಿಯ ಮೇಲಿನೋರು, ಕರೀರಿ."

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅವಳು, "ನಡೆಯೋಳು ನಾನು, ಸುಸ್ತು ನಿಮಗಾ?" ಅಂದಳು.

ಹೋದ ಶುಕ್ರವಾರ ಕೊನೆಯ ಚೂರು ಮುಗಿಯಿತು. ನರರೋಗದ ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಗಡಿಯಾರ ಬರೆದಳು, ಅಂಕಿಗಳೆಲ್ಲ ಅವುಗಳ ಜಾಗದಲ್ಲಿ. ನೂರರಿಂದ ಏಳೇಳು ಕಳೆಯುತ್ತ ಎರಡಕ್ಕೆ ಬಂದು, "ಇನ್ನು ಸಾಲ ತರಬೇಕು," ಅಂದಳು. ಅವಳಿಗೆ ಮರೆವಿನ ಕಾಯಿಲೆ ಇಲ್ಲ ಚೂಟಿ. ಯಾವತ್ತೂ ಇರಲಿಲ್ಲ. ಆದರೆ ಆ ಹನ್ನೊಂದು ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ದಿನ ಬಿಟ್ಟರೆ ಮಿಕ್ಕದ್ದೆಲ್ಲ ಅವಳಿಂದ ಹೋಗಿದೆ. ಮೊಮ್ಮಗಳು ಶಾಲೆಗೆ ಸೇರಿದ್ದು ಅವಳಿಗೆ ಗೊತ್ತಿಲ್ಲ, ಫೋಟೋ ತೋರಿಸಿದರೆ "ಇಷ್ಟುದ್ದ ಯಾವಾಗ ಆದ್ಲು?" ಅನ್ನುತ್ತಾಳೆ. ಎಡಗಾಲು ಒಂದು ಬೆರಳಿನಷ್ಟು ಗಿಡ್ಡವಾಗಿದೆ. ಅದು ಹಾಗೆಯೇ ಇರುತ್ತದೆ.

ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. "ಅವಳಿಗೆ ಕೆಲಸ ಜಾಸ್ತಿ," ಅನ್ನುತ್ತಾಳೆ. ಆ ಸಿಟ್ಟನ್ನೂ ಸೇರಿಸಿ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಬಾ. ಕ್ಷಮೆಗೆ ಕಾಯಬೇಡ, ನಾನೂ ಕಾಯುವುದಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಬಾ. ನೀವು ಮೂವರೂ ನೂರು ಕಾಲ ಚೆನ್ನಾಗಿರಿ, ನಿನ್ನ ಕೈಯಿಂದ ಮಲಗಿದವರೆಲ್ಲ ಸುಖವಾಗಿ ಏಳಲಿ. ಸಿಟ್ಟಿನಲ್ಲಿ ಬರೆದರೂ ಇದು ಮನಸಾರೆ ಹೇಳಿದ ಹರಕೆ.

ಇಂತು ನಿನ್ನ,
ಅಪ್ಪ

ವಿ.ಸೂ.: ಶುಕ್ರವಾರ ಬೆಳಿಗ್ಗೆ. ಕಾಗುಣಿತ ನೋಡಲೆಂದು ಕಾಗದವನ್ನು ನಿನ್ನೆ ಸಂಜೆ ಅಮ್ಮನ ಕೈಗೆ ಕೊಟ್ಟೆ. ಕೊನೆಯವರೆಗೂ ಓದಿದಳು. ಮೂರು ಕಡೆ ತಿದ್ದಿದಳು. ಆಮೇಲೆ ಕನ್ನಡಕ ತೆಗೆದು, "ಒಂದು ಪ್ಯಾರಾ ಬಿಟ್ಟಿದೀರಿ," ಅಂದಳು.

ಯಾವುದು ಎಂದೆ.

"ಹದಿನೈದು ದಿನ ಆದ ಮೇಲೆ ಆ ಹುಡುಗಿ ಫೋನ್ ಮಾಡಿದ್ದು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ಮಂಪರು ಬಂದಿತ್ತು, ಕಿವುಡು ಬಂದಿರಲಿಲ್ಲ."

ಹೌದು ಚೂಟಿ. ಆ 'ಆಮೇಲೆ' ಬರಲೇ ಇಲ್ಲ ಎಂದು ಮೇಲೆ ಬರೆದಿದ್ದೇನೆ. ಬಂದಿತ್ತು. ಹದಿನಾರನೇ ದಿನ ನೀನೇ ಫೋನು ಮಾಡಿ, "ಇನ್ನು ನಿಲ್ಲಿಸೋಣವಾ ಅಪ್ಪಾ?" ಎಂದು ಕೇಳಿದೆ. "ಇರಲಿ, ಇನ್ನೂ ಸ್ವಲ್ಪ ದಿನ ಇರಲಿ," ಎಂದವನು ನಾನು. ನಾಲ್ಕನೇ ತಿಂಗಳು "ಸಾಲ್ತಾ ಇಲ್ಲ" ಎಂದು ನಿನಗೆ ಹೇಳಿದವನೂ ನಾನೇ. ನಿನ್ನ ನಾಲ್ಕು ಸಾಲಿನ ಕಾಗದದಲ್ಲಿ ನೀನು ಇದನ್ನು ಎತ್ತಲಿಲ್ಲ. ಮರೆತೆಯೋ, ನನ್ನ ಮುಖ ಉಳಿಸಿದೆಯೋ, ನನಗೆ ಗೊತ್ತಿಲ್ಲ.

ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದಾಗ ಅವಳ ಮನೆಯಿಂದ ಮೂರು ಸಲ ಫೋನು ಬಂದಿತ್ತು. ಅಕ್ಕನನ್ನು ನೋಡಬೇಕಂತೆ, ಕಳಿಸಿ ಎಂದು. ಮೂರು ಸಲವೂ ನಾನೇ ಎತ್ತಿದೆ. ನನಗೂ ನಿನ್ನ ಚಿಕ್ಕಮ್ಮನಿಗೂ ಇದ್ದ ಹಳೆಯ ಜಗಳ ನಿನಗೆ ಗೊತ್ತು. ಅಮ್ಮನಿಗೆ ನಾನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ, ನಾಲ್ಕನೇ ಫೋನು ಸಾವಿನದ್ದು. ಎಲ್ಲ ಮುಗಿದ ಮೇಲೆ ಅಲ್ಲಿ ಯಾರೋ ಅವಳಿಗೆ ಹೇಳಿದರು. ಅವತ್ತಿನಿಂದ ಅವಳು ನಿದ್ದೆ ಮಾಡಲಿಲ್ಲ. ದಿನಾ ಊಟಕ್ಕೆ ಕೂತಾಗ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು: "ಯಾಕೆ ಹೇಳಲಿಲ್ಲ?" ಜೋರಾಗಿ ಅಲ್ಲ, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರನ್ನು ತಪ್ಪಿಗೆ ಕಾರಣ ಕೇಳುತ್ತಿದ್ದ ಹಾಗೆ. ನಿನಗೆ ಫೋನಿನಲ್ಲಿ ನಾನು ಹೇಳಿದ್ದು ನಿದ್ದೆಯ ವಿಷಯ ಮಾತ್ರ.

ಮಾತ್ರೆ ಶುರುವಾದ ಎರಡನೇ ವಾರ ಅವಳು ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಮೂರನೇ ವಾರಕ್ಕೆ ಅವಳ ಕಾಲೆಳೆತ ನನಗೆ ಕಂಡಿತ್ತು. ಜುಲೈವರೆಗೂ ಕಾಯಬೇಕಿರಲಿಲ್ಲ. ಮೂವತ್ತಾರು ವರ್ಷ ಆ ಕಿಟಕಿಯ ಹಿಂದೆ ನಿಂತವನಿಗೆ ಕಾಣದೆ ಇರುತ್ತದೆಯೇ. ಮನೆ ತಣ್ಣಗಿತ್ತು. ನನಗೆ ಅದು ಬೇಕಾಗಿತ್ತು.

ಆ ವಾರ್ಡಿನಲ್ಲಿ, ಅದೇ ಆರು ಜನರ ಎದುರು ಇದನ್ನು ಹೇಳು ಎಂದರೆ ಹೇಳುತ್ತೇನೆ. ನೀನು ಯಾವ ದಿನ ಎಂದು ತಿಳಿಸು.

ನಿನ್ನೆ ಅಮ್ಮನಿಗೆ, "ನೀನೇ ಬರೆದು ಸೇರಿಸು," ಎಂದೆ. "ಕರಡಲ್ಲಿ ಇಲ್ಲದ್ದನ್ನ ನಾನು ಬರೆಯಲ್ಲ, ಬರೆದವರೇ ಬರೀಬೇಕು," ಎಂದು ಕಾಗದ ವಾಪಸು ಕೊಟ್ಟಳು. ಅದಾದ ಮೇಲೆ ನನ್ನ ಜೊತೆ ಮಾತಾಡಿಲ್ಲ. ಎದುರುಮನೆಯ ಟೈಲರ್ ಜೊತೆ, ಮನೆಗೆ ಬಂದು ಕಾಲು ನೋಡುವ ಸಿಸ್ಟರ್ ಜೊತೆ, ಫೋನಿನಲ್ಲಿ ಮೊಮ್ಮಗಳ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದಾಳೆ.